ಹಳೇ ಟಿವಿ ಬಿಚ್ಚುವವರು ಪೊರಕೆ ಯಾಕೆ ಹಿಡಿಯಬಾರದು

ಬೆಂಗಳೂರಿನ ಹೊರವಲಯದ ಒಂದು ಇ-ತ್ಯಾಜ್ಯ ಘಟಕದಲ್ಲಿ ಹಳೇ ಟಿವಿ, ಕಂಪ್ಯೂಟರ್ ಬಿಚ್ಚುವ ವಿಭಾಗ ನನ್ನದು. ಕೆಲಸಕ್ಕೆ ಹೊಸಬರು ಬಂದರೆ ಮೊದಲು ಹೇಳುವ ಮಾತು: ಇಲ್ಲಿ ಪೊರಕೆ ಮುಟ್ಟಬೇಡಿ.

ಎಲ್ಲರಿಗೂ ಭಯ ಪಿಕ್ಚರ್ ಟ್ಯೂಬಿನ ಸೀಸದ್ದು. ಅದು ಸರಿಯೇ. ಆದರೆ ಟಿವಿಯ ಹಿಂಬದಿಯ ಕಪ್ಪು ಮುಚ್ಚಳದ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ಬೇಗ ಬೆಂಕಿ ಹತ್ತದಿರಲಿ ಅಂತ ಎಷ್ಟೋ ಮುಚ್ಚಳಗಳಿಗೆ ಬ್ರೋಮಿನ್ ರಾಸಾಯನಿಕ ಬೆರೆಸಿರುತ್ತಾರೆ. ಇವುಗಳಲ್ಲಿ ಪಿಬಿಡಿಇ ಎಂಬ ಗುಂಪು ಪ್ಲಾಸ್ಟಿಕ್ಕಿಗೆ ಬೆಸೆದುಕೊಂಡಿರುವುದಿಲ್ಲ, ಸುಮ್ನೆ ಬೆರೆತಿರುತ್ತದೆ. ವರ್ಷ ಕಳೆದಂತೆ ಹೊರಬಂದು ಧೂಳಿಗೆ ಸೇರುತ್ತದೆ. ಮುಚ್ಚಳ ತೆಗೆದರೆ ಬೋರ್ಡಿನ ಮೇಲೆ ಬೂದು ಬಣ್ಣದ ದಪ್ಪ ಧೂಳು ಕಾಣುತ್ತದಲ್ಲ, ಅದೇ. ಗುಡಿಸಿದರೆ ಮೂಗಿಗೆ, ಬಾಯಿಗೆ, ಊಟದ ಡಬ್ಬಿಗೆ. ಅದಕ್ಕೇ ಒದ್ದೆ ಬಟ್ಟೆಯಲ್ಲೇ ಒರೆಸಬೇಕು. ಕೆಲಸದ ಬಟ್ಟೆ ಮನೆಗೆ ಒಯ್ಯುವಂತಿಲ್ಲ.

ಸ್ವೀಡನ್ನಿನಲ್ಲಿ ಇದೇ ಕೆಲಸ ಮಾಡುವವರ ರಕ್ತ ಪರೀಕ್ಷಿಸಿದ ಅಧ್ಯಯನ 1999ರಲ್ಲಿ ಬಂತು. ಆಸ್ಪತ್ರೆ ಒರೆಸುವವರಿಗಿಂತ, ಕಂಪ್ಯೂಟರ್ ಮುಂದೆ ಕೂರುವ ಗುಮಾಸ್ತರಿಗಿಂತ ಇವರಲ್ಲಿ ಪಿಬಿಡಿಇ ಜಾಸ್ತಿ ಇತ್ತು. ಇದು ಕೊಬ್ಬಿನಲ್ಲಿ ಉಳಿಯುತ್ತದೆ, ಎದೆಹಾಲಿಗೂ ಬರುತ್ತದೆ, ಥೈರಾಯ್ಡ್ ಕೆಲಸಕ್ಕೆ ಅಡ್ಡ ಬರುತ್ತದೆ.

ಕ್ಯಾನ್ಸರ್ ಬರುತ್ತಾ ಸಾರ್ ಅಂತ ಹುಡುಗರು ಕೇಳುತ್ತಾರೆ. ಹೆದರಿಸುವುದೂ ತಪ್ಪು, ಮುಚ್ಚಿಡುವುದೂ ತಪ್ಪು. ಬೋರ್ಡುಗಳಲ್ಲಿ ಬಳಸುವ ಟಿಬಿಬಿಪಿಎ, ಹಳೇ ಕಾಲದ ಪಿಬಿಬಿ, ಇವೂ ಬೆಂಕಿ ತಡೆಯುವ ಬ್ರೋಮಿನ್ ರಾಸಾಯನಿಕಗಳೇ. ಈ ಎರಡನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 'ಕ್ಯಾನ್ಸರ್ ತರುವ ಸಂಭವ ಹೆಚ್ಚು' ಎನ್ನುವ 2ಎ ಗುಂಪಿಗೆ ಸೇರಿಸಿದೆ. 1973ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಈ ಪಿಬಿಬಿ ತಪ್ಪಿ ದನದ ಮೇವಿಗೆ ಸೇರಿ, ಹಾಲು ಮಾಂಸದ ಮೂಲಕ ಲಕ್ಷಾಂತರ ಜನರ ಮೈಸೇರಿತು. ಇನ್ನು ತಾಮ್ರಕ್ಕಾಗಿ ಬೋರ್ಡು, ವೈರು ಸುಡುವುದಂತೂ ಬೇಡವೇ ಬೇಡ. ಹೊಗೆಯಲ್ಲಿ ಡಯಾಕ್ಸಿನ್ ಜಾತಿಯ ವಿಷಗಳು ಹುಟ್ಟುತ್ತವೆ.

ಪ್ಲಾಸ್ಟಿಕ್ ಬೇರ್ಪಡಿಸಲು ಉಪ್ಪುನೀರು ಸಾಕು. ಉಪ್ಪಿನ ಹದ ಸರಿಯಿದ್ದರೆ ಟಿವಿ ಮುಚ್ಚಳಕ್ಕೆ ಬಳಸುವ ಎಬಿಎಸ್ ಎಂಬ ಪ್ಲಾಸ್ಟಿಕ್ಕಿನ ಸಾದಾ ಚೂರು ತೇಲುತ್ತದೆ, ಬ್ರೋಮಿನ್ ಇರುವುದು ಮುಳುಗುತ್ತದೆ. ಪಿವಿಸಿಯೂ ಮುಳುಗುತ್ತದೆ, ಹಾಗಾಗಿ ಅನುಮಾನ ಬಂದದ್ದನ್ನು ಎಕ್ಸ್‌ರೇ ಬಿಟ್ಟು ಒಳಗೆ ಬ್ರೋಮಿನ್ ಇದೆಯಾ ಅಂತ ತೋರಿಸುವ ಎಕ್ಸ್‌ಆರ್‌ಎಫ್ ಗನ್ ಹಿಡಿದು ನೋಡುತ್ತೇವೆ. ಬ್ರೋಮಿನ್ ಸಿಕ್ಕ ಮಾಲು ಅಧಿಕೃತ ವಿಲೇವಾರಿ ಘಟಕಕ್ಕೇ ಹೋಗಬೇಕು. ಗುಜರಿಗೆ ಕೊಟ್ಟರೆ ಕರಗಿ ಮತ್ತೆ ಕಪ್ಪು ಆಟಿಕೆಯಾಗಿ, ಅಡುಗೆಯ ಸೌಟಾಗಿ ಬರುತ್ತದೆ. ಹಾಗೆ ಬಂದದ್ದು ಎಷ್ಟೋ ದೇಶಗಳ ಪರೀಕ್ಷೆಗಳಲ್ಲಿ ಸಿಕ್ಕಿದೆ. ಒಟ್ಟಿಗೆ ಮಾರಿದರೆ ನಾಲ್ಕು ಕಾಸು ಜಾಸ್ತಿ ಬರುತ್ತೆ ಅಂತ ಯಾರಾದರೂ ಹೇಳಿದರೆ ನಾನು ಜಗಳಕ್ಕೇ ನಿಲ್ಲುತ್ತೇನೆ.