ತಾನಾಗೇ ಕೆಳಗಿಳಿಯುವ ಹಳೇ ಟ್ರಾಲಿ ಜಾಕ್

ಗಾಡಿ ಎತ್ತಿ ನಿಲ್ಲಿಸಿದರೆ ಮೆಲ್ಲಗೆ ಕುಸಿಯುವ ಜಾಕನ್ನು ಗುಜರಿಗೆ ಹಾಕಬೇಡಿ. ರ‍್ಯಾಮ್ (ಭಾರ ಎತ್ತುವ ದಂಡ) ಸುತ್ತ ಎಣ್ಣೆ ಜಿನುಗುತ್ತಿದ್ದರೆ ಸೀಲ್ (ಎಣ್ಣೆ ತಡೆಯುವ ರಬ್ಬರ್) ಹೋಗಿದೆ. ಹೊರಗೆಲ್ಲ ಒಣಗಿದ್ದೂ ಇಳಿಯುತ್ತಿದ್ದರೆ ಮೊದಲು ಜಾಕ್ ಇಳಿಸಲು ತೆರೆಯುವ ರಿಲೀಸ್ ವಾಲ್ವ್ ನೋಡಿ.

ವಾಲ್ವ್ ಸ್ಕ್ರೂ ಬಿಚ್ಚಿದರೆ ಒಳಗೊಂದು ಚಿಕ್ಕ ಉಕ್ಕಿನ ಗುಂಡು ಇರುತ್ತದೆ, ಮ್ಯಾಗ್ನೆಟ್‌ನಿಂದ ಎತ್ತಿ. ಅದು ಕೂರುವ ಅಂಚಿನಲ್ಲಿ ಕೂದಲೆಳೆಯಷ್ಟು ಕಸ ಸಿಕ್ಕಿದರೂ ಒತ್ತಡ ನಿಲ್ಲುವುದಿಲ್ಲ. ಸೀಮೆಎಣ್ಣೆಯಲ್ಲಿ ತೊಳೆದು, ಅದೇ ಅಳತೆಯ ಹೊಸ ಗುಂಡು ಇಟ್ಟು, ಹಿತ್ತಾಳೆ ಸರಳಿನಿಂದ ಒಂದೇ ಒಂದು ಹಗುರ ಪೆಟ್ಟು ಕೊಡಿ. ಜೋರಾಗಿ ಹೊಡೆದರೆ ಆ ಅಂಚೇ ಕೆಡುತ್ತದೆ. ಪಕ್ಕದ, ಮಿತಿಮೀರಿದ ಭಾರ ತಡೆಯುವ ಓವರ್‌ಲೋಡ್ ವಾಲ್ವ್ ಮಾತ್ರ ಮುಟ್ಟಲೇಬೇಡಿ, ಅದು ಜೀವ ಕಾಯುವ ಭಾಗ.

ಸೀಲ್ ಬೇಕಾದರೆ ಹಳೆಯದನ್ನೇ ಹಿಡಿದು ಬೆಂಗಳೂರಿನ ಎಸ್.ಪಿ. ರಸ್ತೆಗೋ ಜೆ.ಸಿ. ರಸ್ತೆಗೋ ಹೋಗಿ. ಹಳೇ ರಬ್ಬರ್ ಉಬ್ಬಿರುತ್ತದೆ, ಆದ್ದರಿಂದ ರ‍್ಯಾಮ್ ಮತ್ತು ಸಿಲಿಂಡರ್ ಅಳತೆಯನ್ನೂ ವರ್ನಿಯರ್‌ನಲ್ಲಿ ತೆಗೆದಿಟ್ಟುಕೊಳ್ಳಿ. ಬಟ್ಟಲಿನಂತಿರುವ ಕಪ್ ಸೀಲಿನ ತೆರೆದ ಬಾಯಿ ಎಣ್ಣೆಯ ಒತ್ತಡದ ಕಡೆಗಿರಬೇಕು. ರ‍್ಯಾಮ್ ಮೇಲಿನ ತೆಳು ತುಕ್ಕಿಗೆ 1000 ನಂಬರ್ ವಾಟರ್ ಪೇಪರ್ ಸಾಕು. ಗುಳಿ ಬಿದ್ದಿದ್ದರೆ ಹೊಸ ಸೀಲೂ ಹರಿಯುತ್ತದೆ.

ಬ್ರೇಕ್ ಆಯಿಲ್ ಬೇಡ, ಅದರಿಂದ ಸೀಲ್ ಹಾಳಾಗುತ್ತದೆ. 32 ಗ್ರೇಡಿನ ಹೈಡ್ರಾಲಿಕ್ ಎಣ್ಣೆಯನ್ನು, ರ‍್ಯಾಮ್ ಪೂರ್ತಿ ಕೆಳಗಿದ್ದಾಗ, ಎಣ್ಣೆ ಹಾಕುವ ತೂತಿನ ಕೆಳಅಂಚಿನವರೆಗೆ ತುಂಬಿ. ರಿಲೀಸ್ ತೆರೆದಿಟ್ಟು 10–15 ಸಲ ಬೇಗ ಬೇಗ ಪಂಪ್ ಮಾಡಿದರೆ ಗಾಳಿ ಹೊರಬರುತ್ತದೆ. ಆಮೇಲೆ ಭಾರವಿಟ್ಟು ರಾತ್ರಿಯಿಡೀ ಬಿಟ್ಟು, ಎತ್ತರ ಅಳೆದು ನೋಡಿ. ಸರಿಯಾದ ಮೇಲೂ ಗಾಡಿಯಡಿ ನುಗ್ಗುವ ಮುಂಚೆ ಗಾಡಿಗೆ ಆಸರೆಯಾಗಿ ಸ್ಟ್ಯಾಂಡ್ ಕೊಡಲೇಬೇಕು.