ಬಿಟ್ಟುಹೋದ ಐದು ನಿಮಿಷ

ನನ್ನ ಹತ್ತಿರ ಇದ್ದದ್ದು ಅರವತ್ತು ನಿಮಿಷದ ಕ್ಯಾಸೆಟ್. ಆಲ್ಬಂ ಇದ್ದದ್ದು ಅರವತ್ತೈದು ನಿಮಿಷ. ಅಮೆರಿಕದ ರಾಕ್ ಬ್ಯಾಂಡ್ ನೈನ್ ಇಂಚ್ ನೇಲ್ಸ್‌ನ 1994ರ ‘ದ ಡೌನ್‌ವರ್ಡ್ ಸ್ಪೈರಲ್’ ಅನ್ನು ಗೆಳೆಯನೊಬ್ಬ ಸಿಡಿಯಿಂದ ಕಾಪಿ ಮಾಡಿಕೊಟ್ಟಾಗ ಈ ಲೆಕ್ಕವನ್ನು ಅವನೂ ಹಾಕಿರಲಿಲ್ಲ, ನಾನೂ ಹಾಕಿರಲಿಲ್ಲ. ಹಾಗಾಗಿ ಕೊನೆಯ ಹಾಡು ‘ಹರ್ಟ್’ ಶುರುವಾಗಿ ಒಂದು ನಿಮಿಷ ಚಿಲ್ಲರೆ ಆಗುವಷ್ಟರಲ್ಲಿ ಟಕ್ ಅಂತ ಬಟನ್ ಮೇಲೆದ್ದು ಎಲ್ಲ ನಿಂತುಬಿಡುತ್ತಿತ್ತು. ವರ್ಷಗಟ್ಟಲೆ ಆ ಹಾಡೇ ಅಷ್ಟು ಅಂದುಕೊಂಡಿದ್ದೆ. ಅದಕ್ಕೆ ಮುಂದೆ ಪಲ್ಲವಿ ಇದೆ, ಕೊನೆಯಲ್ಲಿ ದೊಡ್ಡ ಸದ್ದಿದೆ ಎಂದೆಲ್ಲ ತಿಳಿದದ್ದು 2002ರಲ್ಲಿ ಕಂಟ್ರಿ ಗಾಯಕ ಜಾನಿ ಕ್ಯಾಶ್ ಅದನ್ನು ಹಾಡಿದ ಮೇಲೆ ಹುಡುಕಿಕೊಂಡು ಹೋದಾಗ. ಸಿಟ್ಟಿನ ಹುಡುಗನೊಬ್ಬನ ಹಾಡು ಅಂದುಕೊಂಡದ್ದು ಎಪ್ಪತ್ತರ ಮುದುಕನ ಗಂಟಲಲ್ಲಿ ಪೂರ್ತಿಯಾಗಿ ಸಿಕ್ಕಿತ್ತು.

ಈಗ ನನಗೆ 48. ನೈನ್ ಇಂಚ್ ನೇಲ್ಸ್ ಕಟ್ಟಿದ ಟ್ರೆಂಟ್ ರೆಝ್ನರ್ ಆ ಬ್ಯಾಂಡಿನ ‘ಹೆಸಿಟೇಷನ್ ಮಾರ್ಕ್ಸ್’ ಆಲ್ಬಂ ಹೊರತಂದಾಗ, ಅಂದರೆ 2013ರಲ್ಲಿ, ಅವನ ವಯಸ್ಸೂ ಅಷ್ಟೇ. ಇಷ್ಟು ಹಳೆಯ ಆಲ್ಬಂ ಬಗ್ಗೆ ಈಗ ಬರೆಯಲು ಅದೊಂದೇ ನೆಪ. ಬಂದ ಹೊಸತರಲ್ಲಿ ಎರಡು ಸಲ ಕೇಳಿ, ‘ಇವನಿಗೆ ಹಲ್ಲು ಉದುರಿತು’ ಅಂತ ಬೈದು ಎತ್ತಿಟ್ಟಿದ್ದೆ. ಆ ಮಾತನ್ನು ವಾಪಸ್ ತಗೊಳ್ಳಬೇಕಾಗಿದೆ, ಪೂರ್ತಿ ಅಲ್ಲದಿದ್ದರೂ.

ಹಿನ್ನೆಲೆ ಗೊತ್ತಿಲ್ಲದವರಿಗೆ ಎರಡು ಮಾತು. 2009ರಲ್ಲಿ ‘ವೇವ್ ಗುಡ್‌ಬೈ’ ಅಂತಲೇ ಹೆಸರಿಟ್ಟು ಕೊನೆಯ ಪ್ರವಾಸ ಮುಗಿಸಿ, ಆ ಸೆಪ್ಟೆಂಬರ್‌ನಲ್ಲಿ ಲಾಸ್ ಏಂಜಲೀಸ್‌ನಲ್ಲಿ ನುಡಿಸಿ ರೆಝ್ನರ್ ಬ್ಯಾಂಡಿಗೆ ಬೀಗ ಹಾಕಿದ್ದ. ಆಮೇಲೆ ಮದುವೆ, ಇಬ್ಬರು ಮಕ್ಕಳು, ಸಿನಿಮಾ ಸಂಗೀತ. ಆಟಿಕಸ್ ರಾಸ್ ಜೊತೆ ‘ದ ಸೋಷಿಯಲ್ ನೆಟ್‌ವರ್ಕ್’ಗೆ ಮಾಡಿದ ಸಂಗೀತಕ್ಕೆ 2011ರಲ್ಲಿ ಆಸ್ಕರ್. ಹಳೆಯ ಹಾಡುಗಳ ಸಂಕಲನ ತರೋಣ, ಅದಕ್ಕೆ ಒಂದೆರಡು ಹೊಸ ಹಾಡು ಸೇರಿಸೋಣ ಅಂತ ಕೂತವನು ಹದಿನಾಲ್ಕು ಹಾಡಿನ, ಒಂದು ಗಂಟೆಗೂ ಮಿಕ್ಕಿದ ಆಲ್ಬಂ ಹೊತ್ತುಕೊಂಡು ಎದ್ದ. 2007ರಲ್ಲಿ ರೆಕಾರ್ಡ್ ಕಂಪನಿಯ ಸಹವಾಸವೇ ಬೇಡ ಅಂತ ಹೊರಬಿದ್ದು, ಮರುವರ್ಷ ‘ದ ಸ್ಲಿಪ್’ ಆಲ್ಬಂ ಅನ್ನು ಪುಕ್ಕಟೆ ಹಂಚಿದ ಆಸಾಮಿ ಇದನ್ನು ಮಾತ್ರ ಕೊಲಂಬಿಯಾದಂಥ ದೊಡ್ಡ ಕಂಪನಿಯಿಂದ ಬಿಡುಗಡೆ ಮಾಡಿಸಿದ. ಆಗ ಅದಕ್ಕೂ ಬೈದಿದ್ದೆ. ನಾನೂ ಹೊಟ್ಟೆಪಾಡಿಗೆ ಒಂದು ಕಂಪನಿಯ ಗೇಟಿನೊಳಗೇ ಹೋಗುವವನು ಅನ್ನುವುದು ಆಗ ನೆನಪಿಗೆ ಬಂದಿರಲಿಲ್ಲ.

ನನ್ನ ಕೆಲಸ ಮೆಷಿನ್ ಮೇಂಟೆನೆನ್ಸ್. ಮೋಟರು, ಪಂಪು, ಗೇರ್‌ಬಾಕ್ಸ್. ನೈನ್ ಇಂಚ್ ನೇಲ್ಸ್ ನುಡಿಸುವುದನ್ನು ಇಂಡಸ್ಟ್ರಿಯಲ್ ಸಂಗೀತ ಅನ್ನುತ್ತಾರೆ. ಆ ಹೆಸರು ಬಂದದ್ದು ಬ್ರಿಟನ್ನಿನ ಥ್ರಾಬಿಂಗ್ ಗ್ರಿಸಲ್ ತಂಡ 1976ರಲ್ಲಿ ಶುರುಮಾಡಿದ ರೆಕಾರ್ಡ್ ಕಂಪನಿ ಇಂಡಸ್ಟ್ರಿಯಲ್ ರೆಕಾರ್ಡ್ಸ್‌ನಿಂದ. ಕಾರ್ಖಾನೆಯ ಸದ್ದನ್ನೇ ಸಂಗೀತ ಮಾಡುತ್ತೇವೆ ಅನ್ನುವವರನ್ನು ಕಂಡರೆ ಶಾಪ್‌ ಫ್ಲೋರಿನಲ್ಲಿ ದುಡಿಯುವವರಿಗೆ ನಗು ಬರುತ್ತದೆ. ನಮಗೆ ಸದ್ದು ಅಂದರೆ ಕಾಯಿಲೆ. ಚೆನ್ನಾಗಿ ಓಡುವ ಮೆಷಿನ್ ಒಂದೇ ಸಮನೆ ಗುಂಯ್ ಅನ್ನುತ್ತಿರುತ್ತದೆ, ಅದರ ಕಡೆ ಯಾರೂ ತಿರುಗಿಯೂ ನೋಡುವುದಿಲ್ಲ. ಬೇರಿಂಗ್ ಹಾಳಾಗುತ್ತಿದೆಯೋ ಇಲ್ಲವೋ ತಿಳಿಯಲು ಈಗ ವೈಬ್ರೇಷನ್ ಮೀಟರ್ ಇದೆ. ನಾನು ಕಲಿತದ್ದು ಉದ್ದನೆಯ ಸ್ಕ್ರೂಡ್ರೈವರಿನಿಂದ. ತುದಿಯನ್ನು ಬೇರಿಂಗ್ ಕೂತಿರುವ ಕಬ್ಬಿಣದ ಮೇಲೆ ಒತ್ತಿ, ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೆ ಆನಿಸಬೇಕು. ಸುತ್ತಲಿನ ಗಲಾಟೆ ಹಿಂದೆ ಸರಿದು ಒಳಗಿನ ಸದ್ದೊಂದೇ ತಲೆಗೆ ಬರುತ್ತದೆ. ಸರಿಯಿದ್ದರೆ ನುಣ್ಣಗಿನ ಸುಯ್. ಗ್ರೀಸ್ ಒಣಗಿದ್ದರೆ ಸಣ್ಣ ಚಿರ್ ಚಿರ್. ಗುಂಡು ಸವೆದಿದ್ದರೆ ನಡುನಡುವೆ ಒಂದು ಟಿಕ್. ಆ ಟಿಕ್ ಕೇಳಿದ ಮೇಲೂ ಮೆಷಿನ್ ಒಂದು ವಾರ ಓಡಬಹುದು, ಮೂರು ತಿಂಗಳೂ ಓಡಬಹುದು. ಹೊರಗಿನಿಂದ ನೋಡುವವರಿಗೆ ಏನೂ ಆಗಿರುವುದಿಲ್ಲ.

ಈ ಆಲ್ಬಂ ನನಗೆ ಕೇಳಿಸುವುದೇ ಹಾಗೆ. ‘ದ ಡೌನ್‌ವರ್ಡ್ ಸ್ಪೈರಲ್’ನಲ್ಲಿ ಮೆಷಿನ್ ಮುರಿದು ಚೂರು ಹಾರುತ್ತಿತ್ತು. ಇಲ್ಲಿ ಮೆಷಿನ್ ಓಡುತ್ತಿದೆ, ಒಳಗೆಲ್ಲೋ ಟಿಕ್ ಇದೆ.

‘ಕಾಪಿ ಆಫ್ ಎ’ ಹಾಡನ್ನೇ ತಗೊಳ್ಳಿ. ಒಂದೇ ಸಿಂಥಸೈಸರ್ ಮಿಡಿತದಿಂದ ಶುರು, ಹೊಲಿಗೆ ಯಂತ್ರದ ಸೂಜಿಯ ಹಾಗೆ. ಅದರ ಮೇಲೆ ಇನ್ನೊಂದು ಕೂರುತ್ತದೆ, ಅದರ ಪಕ್ಕ ಮತ್ತೊಂದು. ಯಾವುದೂ ಕಿರುಚುವುದಿಲ್ಲ, ಯಾವುದೂ ಎದ್ದು ಹೋಗುವುದೂ ಇಲ್ಲ. ತಾನು ಯಾವುದೋ ನಕಲಿನ ನಕಲು ಅಂತ ಹಾಡುವವನು ಹೇಳುತ್ತ ಹೋದಂತೆ ಹಿಂದಿನ ಪದರಗಳೂ ಒಂದನ್ನೊಂದು ನಕಲು ಮಾಡುತ್ತ ಬೆಳೆಯುತ್ತವೆ. ಗೆಳೆಯನ ಕ್ಯಾಸೆಟ್ಟಿನಲ್ಲಿ ಬೆಳೆದ ನನಗೆ ಇದಕ್ಕೆ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. 2013ರ ಜುಲೈನಲ್ಲಿ ಜಪಾನಿನ ಫ್ಯೂಜಿ ರಾಕ್ ಉತ್ಸವದಲ್ಲಿ ರೆಝ್ನರ್ ಇದೇ ಹಾಡಿನಿಂದ ವೇದಿಕೆಗೆ ಮರಳಿದ. ಮೊದಲು ಅವನೊಬ್ಬನೇ, ಆಮೇಲೆ ಒಬ್ಬೊಬ್ಬರಾಗಿ ಉಳಿದವರು, ಹಿಂದೆ ಬಿಳಿಯ ಪರದೆಗಳ ಮೇಲೆ ಅವರದೇ ದೊಡ್ಡ ದೊಡ್ಡ ನೆರಳು. ವಿಡಿಯೋ ಸಿಕ್ಕರೆ ನೋಡಿ.

‘ಕೇಮ್ ಬ್ಯಾಕ್ ಹಾಂಟೆಡ್’ ಮೊದಲು ಬಂದ ಸಿಂಗಲ್. ವಿಡಿಯೋ ಸಿನಿಮಾ ನಿರ್ದೇಶಕ ಡೇವಿಡ್ ಲಿಂಚ್ ಮಾಡಿದ್ದು, ಕಣ್ಣು ಕೋರೈಸುವ ಮಿಣುಕಾಟಕ್ಕೆ ಅಪಸ್ಮಾರ ಇರುವವರು ನೋಡಬಾರದು ಅಂತ ಎಚ್ಚರಿಕೆ ಬೇರೆ. ಹಾಡು ಚೆನ್ನಾಗಿದೆ, ಆದರೆ ನಾನು ವಾಪಸ್ ಬಂದಿದ್ದೇನೆ ನೋಡಿ ಅಂತ ಬಾಗಿಲು ಬಡಿಯುವ ಹಾಡು. ಬಾಗಿಲು ಬಡಿಯದೆ ಒಳಗೆ ಬರುವವು ನನಗೆ ಹೆಚ್ಚು ಇಷ್ಟ. ‘ಫೈಂಡ್ ಮೈ ವೇ’ ಹೆಚ್ಚುಕಡಿಮೆ ಪ್ರಾರ್ಥನೆ. ಇಪ್ಪತ್ತೆಂಟರ ವಯಸ್ಸಿನಲ್ಲಿ ದೇವರ ಮೇಲೆ ಹರಿಹಾಯ್ದಿದ್ದವನು ಇಲ್ಲಿ ದಾರಿ ತಪ್ಪಿದೆ ಅಂತ ಮೆಲುದನಿಯಲ್ಲಿ ಒಪ್ಪಿಕೊಳ್ಳುತ್ತಾನೆ. ‘ಆಲ್ ಟೈಮ್ ಲೋ’ದಲ್ಲಿ ಗಿಟಾರ್ ಫಂಕ್ ಆಗಿ ಕುಲುಕುತ್ತದೆ, ಕಾಲು ತಾನಾಗಿಯೇ ತಾಳ ಹಾಕುತ್ತದೆ. ಮಾತಿನಲ್ಲಿ ಮಾತ್ರ ಪಾತಾಳ. ‘ಸ್ಯಾಟಲೈಟ್’ ಮೇಲಿನಿಂದ ನಮ್ಮನ್ನೇ ನೋಡುತ್ತಿರುವ ಕಣ್ಣಿನ ಬಗ್ಗೆ. ಎಡ್ವರ್ಡ್ ಸ್ನೋಡನ್ ಬಯಲು ಮಾಡಿದ ಅಮೆರಿಕ ಸರ್ಕಾರದ ಗೂಢಚಾರಿಕೆಯ ಸುದ್ದಿ ಬಂದದ್ದು ಅದೇ ವರ್ಷದ ಜೂನ್‌ನಲ್ಲಿ, ಹಾಗಾಗಿ ಹಾಡು ಹಳತಾಗುವ ಮಾತೇ ಇರಲಿಲ್ಲ.

ಇನ್ನು ‘ಎವೆರಿಥಿಂಗ್’. ಇದೊಂದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ನೈನ್ ಇಂಚ್ ನೇಲ್ಸ್ ಹಾಡು ಬಿಸಿಲಿಗೆ ಬಂದು ಕಣ್ಣು ಪಿಳಿಪಿಳಿ ಬಿಟ್ಟು ನಗುತ್ತ ನಿಂತರೆ ಹೇಗಿರುತ್ತದೆ? ಹಾಗಿದೆ. ಎಲ್ಲವನ್ನೂ ದಾಟಿ ಉಳಿದೆ ಅನ್ನುವ ಖುಷಿ ಅವನದ್ದು, 2001ರ ಹೊತ್ತಿಗೆ ಕುಡಿತ ಮತ್ತು ಡ್ರಗ್ಸ್ ಬಿಟ್ಟು ಬದುಕಿಕೊಂಡವನಿಗೆ ಆ ಹಕ್ಕು ಇದೆ. ಇದೆ ಅಂತಲೇ ಇಟ್ಟುಕೊಳ್ಳೋಣ. ಆದರೂ ಈ ಹಾಡು ಬಂದ ಕೂಡಲೇ ನನ್ನ ಬೆರಳು ಮುಂದಿನದಕ್ಕೆ ಹೋಗುತ್ತದೆ. ‘ಐ ವುಡ್ ಫಾರ್ ಯೂ’ ಕೂಡ ಸ್ವಲ್ಪ ಅಗ್ಗದ ಭಾವುಕತೆ. ‘ರನಿಂಗ್’ ಬಂದು ಹೋಗುತ್ತದೆ, ಅಷ್ಟೆ.

‘ಇನ್ ಟೂ’ ಹಾಗಲ್ಲ. ಚರಣದಲ್ಲಿ ದನಿಯನ್ನು ಉಕ್ಕಿನ ಬ್ರಷ್ಷಿನಿಂದ ಉಜ್ಜಿದ ಹಾಗಿದೆ. ಪಲ್ಲವಿ ಬರುತ್ತಲೇ ಅದೇ ದನಿ ಮೇಲಕ್ಕೇರಿ ತೆಳ್ಳಗಾಗುತ್ತದೆ. ಎರಡೂ ಒಬ್ಬನವೇ. ಹಳೆಯ ರೆಝ್ನರ್ ಆಗಿದ್ದರೆ ಇದನ್ನು ಕೊನೆಗೆ ಒಡೆದುಹಾಕುತ್ತಿದ್ದ. ಇಲ್ಲಿ ಇಬ್ಬರನ್ನೂ ಒಂದೇ ಕೋಣೆಯಲ್ಲಿ ಕೂರಿಸಿದ್ದಾನೆ.

‘ಹೆಸಿಟೇಷನ್ ಮಾರ್ಕ್ಸ್’ ಅನ್ನುವ ಹೆಸರಿನ ಬಗ್ಗೆ ಹೇಳದಿದ್ದರೆ ಆಗುವುದಿಲ್ಲ. ಪ್ರಾಣ ಕಳೆದುಕೊಳ್ಳಲು ಹೊರಟವರ ಮೈಮೇಲೆ ಕೆಲವೊಮ್ಮೆ ಕಾಣುವ, ಕೈ ಅಳುಕಿ ಆಳಕ್ಕೆ ಇಳಿಯದೆ ಉಳಿದ ಗೀರುಗಳಿಗೆ ವಿಧಿವಿಜ್ಞಾನದವರು ಇಟ್ಟಿರುವ ಹೆಸರು ಅದು. 1994ರ ಆಲ್ಬಂ ಒಬ್ಬ ಮನುಷ್ಯ ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿದು ಇಲ್ಲವಾಗುವ ಕಥೆ. ಈ ಆಲ್ಬಂ ಆ ಅಳುಕಿನ ಕಡೆ ಬೆರಳು ಮಾಡುತ್ತದೆ. ಹೊದಿಕೆಯ ಚಿತ್ರಕ್ಕೂ ಆಗಿನ ಕಲಾವಿದ ರಸೆಲ್ ಮಿಲ್ಸ್‌ನನ್ನೇ ಕರೆಸಿದ. ತುಕ್ಕು ಹಿಡಿದ ಲೋಹ, ಪತಂಗ, ಮೇಣ, ಬ್ಯಾಂಡೇಜ್, ರಕ್ತ ಎಲ್ಲ ಸೇರಿಸಿ ಹಿಂದೆ ಚಿತ್ರ ಮಾಡಿದ್ದ ಮಿಲ್ಸ್ ಈ ಸಲ ನಾಲ್ಕು ಬೇರೆ ಬೇರೆ ಹೊದಿಕೆ ಮಾಡಿಕೊಟ್ಟ. ಗಾಯ ಅದೇ, ಹಕ್ಕಳೆ ಕಟ್ಟಿದೆ.

ಇನ್ನು ನನ್ನ ಕಿವಿಯ ವಿಷಯ. ಸದ್ದಿನಲ್ಲಿ ದುಡಿಯುವವರಿಗೆ ಮೊದಲು ಏಟು ಬೀಳುವುದು 4000 ಹರ್ಟ್ಸ್ ಆಸುಪಾಸಿನಲ್ಲಿ. ನನ್ನ ಎಡಗಿವಿಯ ಪರೀಕ್ಷೆಯ ಚೀಟಿಯಲ್ಲಿ ಗೆರೆ ನೆಟ್ಟಗೆ ಬಂದು ಅಲ್ಲಿ ಬಾವಿಗೆ ಬಿದ್ದ ಹಾಗೆ ಕೆಳಗಿಳಿದಿದೆ. (ಹರ್ಟ್ಸ್ ಅಂದಾಗ ‘ಹರ್ಟ್’ ನೆನಪಾಯಿತು ಅಂತ ಡಾಕ್ಟರಿಗೆ ಹೇಳಿದೆ, ಅವರು ನಗಲಿಲ್ಲ.) ಗಿಟಾರಿನ ಕರ್ಕಶ, ಸಿಂಬಲ್ಲಿನ ಚೂಪು ಎಲ್ಲ ನನ್ನ ಪಾಲಿಗೆ ಈಗ ಮಂಜಿನಲ್ಲಿ ನಿಂತಿವೆ. ಉಳಿದಿರುವುದು ಕೆಳಗಿನ ಸ್ವರಗಳು. ಈ ಆಲ್ಬಂ ಬದುಕುವುದೇ ಅಲ್ಲಿ. ಡ್ರಮ್ ಮಷೀನಿನ ಗುದ್ದು, ಪೀನೋ ಪಲಾಡಿನೊ ನುಡಿಸಿದ ಬೇಸ್ ಗಿಟಾರ್, ಗೋಡೆಯಾಚೆ ಮೋಟರ್ ಓಡುತ್ತಿರುವಂಥ ಗುಂಯ್. ಏಡ್ರಿಯನ್ ಬೆಲ್ಯೂ, ಫ್ಲೀಟ್‌ವುಡ್ ಮ್ಯಾಕ್‌ನ ಲಿಂಡ್ಸೆ ಬಕಿಂಗ್‌ಹ್ಯಾಮ್ ಅಂಥ ಗಿಟಾರ್ ದಿಗ್ಗಜರನ್ನು ಕರೆಸಿ ಬೀಟಿನ ಸಂದಿಯಲ್ಲಿ ಬಚ್ಚಿಟ್ಟಿದ್ದಾನೆ ಅಂತ 2013ರಲ್ಲಿ ನನ್ನ ದೂರಿತ್ತು. ಆಲ್ಬಂ ಬದಲಾಗಿಲ್ಲವಲ್ಲ, ಬದಲಾದದ್ದು ನನ್ನ ಕಿವಿಯೇ ಇರಬೇಕು.

ಇದಕ್ಕೆ ಎರಡು ಮಾಸ್ಟರ್, ಅಂದರೆ ಬಿಡುಗಡೆಗೆ ಸಿದ್ಧಮಾಡಿದ ಎರಡು ಅಂತಿಮ ಪ್ರತಿ, ಇವೆ. ಒಂದು ಎಲ್ಲರಿಗೂ ಸಿಗುವ ಜೋರಿನದು. ಇನ್ನೊಂದು, ಬ್ಯಾಂಡಿನ ಸೈಟಿನಲ್ಲಿ ಆಲ್ಬಂ ಕೊಂಡವರಿಗೆ ಪುಕ್ಕಟೆ ಕೊಟ್ಟ ‘ಆಡಿಯೋಫೈಲ್’ ಆವೃತ್ತಿ, ಜೋರು ತಗ್ಗಿಸಿ ಏರಿಳಿತಕ್ಕೆ ಜಾಗ ಬಿಟ್ಟದ್ದು. ಎರಡನ್ನೂ ಒಂದೇ ಮಟ್ಟಕ್ಕೆ ತಂದು, ಬಲಗಿವಿಯ ಮೆತ್ತೆ ಕಿತ್ತುಹೋದ ನನ್ನ ಹಳೆಯ ಹೆಡ್‌ಫೋನಿನಲ್ಲಿ ಅದಲುಬದಲು ಮಾಡಿ ಕೇಳಿದೆ. ಹೆಚ್ಚಿನ ಹಾಡುಗಳಲ್ಲಿ ವ್ಯತ್ಯಾಸ ಅಂಥದ್ದೇನಿಲ್ಲ. ‘ವೈಲ್ ಐ ಆಮ್ ಸ್ಟಿಲ್ ಹಿಯರ್’ನಲ್ಲಿ ಮಾತ್ರ ಗುದ್ದು ಬಿದ್ದ ಮೇಲಿನ ಆ ಒಂದು ಕ್ಷಣದ ಖಾಲಿ ಜಾಗ ಖಾಲಿಯಾಗಿಯೇ ಉಳಿದಿದೆ ಅನ್ನಿಸಿತು. ಆ ಹಾಡಿಗೆ ಅದು ಬೇಕು. ಇರುವಷ್ಟು ಹೊತ್ತು ಹತ್ತಿರ ಇರು ಅನ್ನುವ ಹಾಡು. ಕೊನೆಗೆ ಸ್ಯಾಕ್ಸೊಫೋನ್ ಬರುತ್ತದೆ, ಎಲ್ಲಿಂದಲೋ ದಾರಿ ತಪ್ಪಿ ಬಂದವರ ಹಾಗೆ.

ಅದರ ಬಾಲದಲ್ಲೇ ‘ಬ್ಲ್ಯಾಕ್ ನಾಯ್ಸ್’. ಒಂದೂವರೆ ನಿಮಿಷ. ಇಡೀ ಆಲ್ಬಮಿನಲ್ಲಿ ಹಿಡಿದಿಟ್ಟ ಗಲಾಟೆ ಇಲ್ಲಿ ಹೊರಗೆ ಬರುತ್ತದೆ, ಏರುತ್ತದೆ, ಇನ್ನೇನು ಒಡೆಯಬೇಕು ಅನ್ನುವಷ್ಟರಲ್ಲಿ ಕತ್ತರಿ ಬಿದ್ದ ಹಾಗೆ ನಿಲ್ಲುತ್ತದೆ. ಮೊನ್ನೆ ರಾತ್ರಿ ಕತ್ತಲಲ್ಲಿ ಮಲಗಿ ಕೇಳುತ್ತಿದ್ದೆ. ನಿಂತ ಕೂಡಲೇ ನನ್ನ ಕೈ ಹಾಸಿಗೆಯ ಪಕ್ಕದಲ್ಲಿ ಏನನ್ನೋ ತಡಕಾಡಿತು. ಫೋನ್ ಅಲ್ಲ. ಕ್ಯಾಸೆಟ್ ಮಗುಚಿ ಹಾಕಲು ಹೊರಟಿತ್ತು ಅದು.