ಕೆಳಗಿನ ದೋಷಕ್ಕೆ ಮೇಲಿನ ಬ್ರೇಕರ್ ಏಕೆ ಬೀಳುತ್ತದೆ?

ವಿದ್ಯುತ್ ಪ್ಯಾನೆಲ್‌ಗಳ ನಿರ್ವಹಣೆಯಲ್ಲಿ ನನಗೆ ಪದೇ ಪದೇ ಎದುರಾಗುವ ದೂರೆಂದರೆ, ಯಾವುದೋ ಒಂದು ಕವಲಿನಲ್ಲಿ ಶಾರ್ಟ್ ಸರ್ಕ್ಯೂಟ್ ಆದಾಗ ಆ ಕವಲಿನ ಬ್ರೇಕರ್ ಜೊತೆಗೆ ಹಲವು ಕವಲುಗಳಿಗೆ ಕರೆಂಟ್ ಕೊಡುವ ಮೇಲಿನ ಫೀಡರ್ ಬ್ರೇಕರ್ ಕೂಡ ಟ್ರಿಪ್ ಆಗಿ, ದೋಷಕ್ಕೆ ಸಂಬಂಧವೇ ಇಲ್ಲದ ಯಂತ್ರಗಳೂ ನಿಂತುಹೋಗುವುದು. ಮೇಲಿನದನ್ನು ಇನ್ನೂ ದೊಡ್ಡದು ಹಾಕಿಸಿ ಎಂಬ ಸಲಹೆ ಆಗ ತಪ್ಪದೆ ಬರುತ್ತದೆ. ಅದನ್ನು ಪಾಲಿಸಿದರೆ ಫೀಡರ್ ಕೇಬಲ್‌ಗೆ ಓವರ್‌ಲೋಡ್ ರಕ್ಷಣೆಯೇ ಇಲ್ಲದಂತಾಗಬಹುದು.

63 ಆಂಪಿಯರ್ ಸಿ ವರ್ಗದ ಎಂಸಿಬಿಯ (ಕವಲುಗಳಿಗೆ ಹಾಕುವ ಚಿಕ್ಕ ಬ್ರೇಕರ್) ಮೇಲೆ 160 ಆಂಪಿಯರ್ ಎಂಸಿಸಿಬಿ (ಅದಕ್ಕಿಂತ ದೊಡ್ಡ ಬಗೆಯ ಬ್ರೇಕರ್) ಇದೆ ಎಂದುಕೊಳ್ಳೋಣ. ಸಿ ವರ್ಗದ ಎಂಸಿಬಿ ತನ್ನ ರೇಟಿಂಗ್‌ನ 5ರಿಂದ 10 ಪಟ್ಟು ಕರೆಂಟ್‌ನೊಳಗೆ, ಅಂದರೆ ಹೆಚ್ಚೆಂದರೆ 630 ಆಂಪಿಯರ್‌ಗೆ, ತಕ್ಷಣ ಟ್ರಿಪ್ ಆಗುತ್ತದೆ. ಎಂಸಿಸಿಬಿಯ ತತ್‌ಕ್ಷಣದ ಮಿತಿಯನ್ನು 10 ಪಟ್ಟಿಗೆ, ಅಂದರೆ 1600 ಆಂಪಿಯರ್‌ಗೆ ಇಟ್ಟಿದ್ದರೂ ಶೇಕಡಾ 20ರಷ್ಟು ವ್ಯತ್ಯಾಸಕ್ಕೆ ಅವಕಾಶ ಇರುವುದರಿಂದ ಅದು 1280 ಆಂಪಿಯರ್‌ಗೇ ಬೀಳಬಹುದು. ಎಷ್ಟು ಕರೆಂಟ್‌ಗೆ ಎಷ್ಟು ಹೊತ್ತಿನಲ್ಲಿ ಟ್ರಿಪ್ ಆಗುತ್ತದೆ ಎಂದು ತೋರಿಸುವ ಕರ್ವ್‌ಗಳು ಓವರ್‌ಲೋಡ್ ಭಾಗದಲ್ಲಿ ಕಾಗದದ ಮೇಲೆ ಎಷ್ಟೇ ದೂರದಲ್ಲಿದ್ದರೂ 5 ಕಿಲೋ ಆಂಪಿಯರ್ ದೋಷ ಬಂದಾಗ ಎರಡೂ ಒಟ್ಟಿಗೆ ಕೆಲಸ ಆರಂಭಿಸುತ್ತವೆ. ಆದ್ದರಿಂದ ನಾನು ಮೊದಲು ಕೇಳುವುದು ಬ್ರೇಕರ್‌ನ ರೇಟಿಂಗ್ ಅಲ್ಲ, ಆ ಪ್ಯಾನೆಲ್‌ನಲ್ಲಿ ಬರಬಹುದಾದ ಗರಿಷ್ಠ ಫಾಲ್ಟ್ ಕರೆಂಟ್.

ಮೇಲೆ ಫ್ಯೂಸ್ ಇದ್ದರೆ ಲೆಕ್ಕದ ಬಗೆಯೇ ಬೇರೆ. ಹೆಚ್ಚಿನ ಕರೆಂಟ್‌ನಲ್ಲಿ ಫ್ಯೂಸ್ 50 ಹರ್ಟ್ಜ್‌ನ ಅರ್ಧ ಸೈಕಲ್‌ಗಿಂತ, ಅಂದರೆ 10 ಮಿಲಿಸೆಕೆಂಡಿಗಿಂತ ಮೊದಲೇ ಕಡಿಯುವುದರಿಂದ ಸಮಯದ ಕರ್ವ್ ನೋಡಿ ಪ್ರಯೋಜನವಿಲ್ಲ. ಅಲ್ಲಿ ಹೋಲಿಸಬೇಕಾದದ್ದು ಐ ಸ್ಕ್ವೇರ್ ಟಿ, ಅಂದರೆ ಕರೆಂಟನ್ನು ಅದರಿಂದಲೇ ಗುಣಿಸಿ, ಮತ್ತೆ ಸಮಯದಿಂದ ಗುಣಿಸಿದ ಮೌಲ್ಯ: ಕೆಳಗಿನ ಉಪಕರಣ ಪೂರ್ತಿ ಕಡಿಯುವವರೆಗೆ ಹರಿಯಲು ಬಿಡುವ ಮೌಲ್ಯವು ಮೇಲಿನ ಫ್ಯೂಸ್ ಕರಗಲು ಬೇಕಾದ ಮೌಲ್ಯಕ್ಕಿಂತ ಕಡಿಮೆ ಇರಬೇಕು. ಎರಡೂ ಜಿಜಿ ವರ್ಗದ (ಓವರ್‌ಲೋಡ್, ಶಾರ್ಟ್ ಸರ್ಕ್ಯೂಟ್ ಎರಡರಿಂದಲೂ ರಕ್ಷಿಸುವ), 16 ಆಂಪಿಯರ್ ಅಥವಾ ಅದಕ್ಕಿಂತ ದೊಡ್ಡ ಫ್ಯೂಸ್‌ಗಳಾದರೆ 1.6 ಪಟ್ಟಿನ ಅಂತರ ಸಾಕು. ಉದಾಹರಣೆಗೆ, 100 ಆಂಪಿಯರ್ ಫ್ಯೂಸ್‌ನ ಮೇಲೆ 160 ಆಂಪಿಯರ್‌ನದು. ಬ್ರೇಕರ್ ಮತ್ತು ಫ್ಯೂಸ್ ಸೇರಿದಾಗ ಅಂಥ ಸುಲಭ ಸೂತ್ರವಿಲ್ಲ, ತಯಾರಕರ ಕೋಷ್ಟಕವನ್ನೇ ನೋಡಬೇಕು. ಬೇರೆ ಬೇರೆ ಕಂಪನಿಯ ಉಪಕರಣಗಳನ್ನು ಬೆರೆಸಿದ ಪ್ಯಾನೆಲ್‌ನಲ್ಲಿ ಆ ಕೋಷ್ಟಕವೇ ಸಿಗದಿರುವುದು ಖರೀದಿ ವಿಭಾಗದವರಿಗೆ ಸಾಮಾನ್ಯವಾಗಿ ಕಾಣದ ವೆಚ್ಚ.

ಮೇಲೆ ಎಸಿಬಿ (ಮುಖ್ಯ ಪ್ಯಾನೆಲ್‌ಗೆ ಹಾಕುವ ದೊಡ್ಡ ಏರ್ ಬ್ರೇಕರ್) ಇದ್ದಲ್ಲಿ, ಕೆಳಗಿನದು ಮೊದಲು ಕಡಿಯಲಿ ಎಂದು ಅದಕ್ಕೆ ಅಲ್ಪಾವಧಿಯ ವಿಳಂಬ ಕೊಡಬಹುದು. ಆದರೆ 0.3 ಸೆಕೆಂಡ್ ಕಾಯುವ ಬ್ರೇಕರ್, ತನ್ನ ಬಸ್‌ಬಾರ್‌ನಲ್ಲೇ (ಪ್ಯಾನೆಲ್‌ನೊಳಗೆ ಕರೆಂಟ್ ಹಂಚುವ ಲೋಹದ ಪಟ್ಟಿ) ದೋಷವಾದಾಗಲೂ ಅಷ್ಟೇ ಹೊತ್ತು ಕಾಯುತ್ತದೆ, ಅಷ್ಟರಲ್ಲಿ ಆರ್ಕ್‌ನ (ಗಾಳಿಯಲ್ಲಿ ಉರಿಯುವ ವಿದ್ಯುತ್ ಕಿಡಿ) ಶಕ್ತಿ ಬೆಳೆಯುತ್ತದೆ. ಬ್ರೇಕರ್‌ಗಳು ಪರಸ್ಪರ ಸಂಕೇತ ಕಳಿಸುವ ಇಂಟರ್‌ಲಾಕ್ ಇಲ್ಲದಿದ್ದರೆ, ಜನ ಹತ್ತಿರ ನಿಂತು ಕೆಲಸ ಮಾಡುವ ಪ್ಯಾನೆಲ್‌ನಲ್ಲಿ ದೀರ್ಘ ವಿಳಂಬವನ್ನು ನಾನು ಒಪ್ಪುವುದಿಲ್ಲ.

ಹಲವರು ಮರೆಯುವುದು ಜನರೇಟರನ್ನು. ಶೇಕಡಾ 5 ಇಂಪೀಡೆನ್ಸ್ (ಕರೆಂಟ್ ಹರಿವಿಗೆ ಒಳಗಿನ ತಡೆ) ಇರುವ 1000 ಕೆವಿಎ ಟ್ರಾನ್ಸ್‌ಫಾರ್ಮರ್ 400 ವೋಲ್ಟ್‌ನಲ್ಲಿ ಸುಮಾರು 29 ಕಿಲೋ ಆಂಪಿಯರ್‌ವರೆಗೆ ಫಾಲ್ಟ್ ಕರೆಂಟ್ ಕೊಡಬಲ್ಲದು. ಅದೇ ಪ್ಯಾನೆಲ್‌ಗೆ 250 ಕೆವಿಎ ಜನರೇಟರ್ ಪೂರೈಸುವಾಗ, ಆರಂಭದ ಹೆಚ್ಚಿನ ಕರೆಂಟ್ ಕುಗ್ಗಿದ ನಂತರ ರೇಟಿಂಗ್‌ನ ಮೂರು ಪಟ್ಟು ಉಳಿದರೆ ಸಿಗುವುದು ಸುಮಾರು 1080 ಆಂಪಿಯರ್ ಮಾತ್ರ. ಮೇಲೆ ಹೇಳಿದ ಎಂಸಿಸಿಬಿಯ ತತ್‌ಕ್ಷಣದ ಮಿತಿಗೆ ಅದು ಮುಟ್ಟುವುದೇ ಇಲ್ಲ. ಫೀಡರ್ ಕೇಬಲ್‌ನಲ್ಲಿ ದೋಷವಾದರೆ ಬ್ರೇಕರ್ ತನ್ನ ಉಷ್ಣ ಭಾಗ ಬಿಸಿಯಾಗುವವರೆಗೆ ಕಾಯುತ್ತದೆ, ಅಷ್ಟರೊಳಗೆ ಜನರೇಟರ್‌ನ ಸ್ವಂತ ಬ್ರೇಕರ್ ಬಿದ್ದು ಎಲ್ಲವೂ ಕತ್ತಲಾಗುತ್ತದೆ. ಹೀಗಾಗಿ ಸೆಟ್ಟಿಂಗ್‌ಗಳನ್ನು ಎರಡೂ ಮೂಲಗಳಿಗೆ ಬೇರೆ ಬೇರೆಯಾಗಿ ಪರಿಶೀಲಿಸುತ್ತೇನೆ.

ಇಷ್ಟೆಲ್ಲ ಲೆಕ್ಕವನ್ನು ಒಂದು ತಪ್ಪು ಫ್ಯೂಸ್ ಕೆಡಿಸಬಲ್ಲದು. ಜಿಜಿ ಇದ್ದ ಜಾಗಕ್ಕೆ ಎಎಂ ವರ್ಗದ್ದನ್ನು ಹಾಕಿದರೆ ಓವರ್‌ಲೋಡ್ ರಕ್ಷಣೆ ಹೋಗುತ್ತದೆ, ಏಕೆಂದರೆ ಎಎಂ ಶಾರ್ಟ್ ಸರ್ಕ್ಯೂಟ್‌ಗಷ್ಟೇ ಮೀಸಲು. ಮೂರು ಫೇಸ್‌ಗಳಲ್ಲಿ ಒಂದರ ಫ್ಯೂಸ್ ಹೋದಾಗ ಮೂರನ್ನೂ ಬದಲಿಸುತ್ತೇನೆ; ಉಳಿದೆರಡರ ತಂತಿ ಅರ್ಧ ಕರಗಿರಬಹುದು, ಹೊರಗಿನಿಂದ ಅದು ತಿಳಿಯುವುದಿಲ್ಲ.